ನನ್ನ ಕರೆಂಟು ಕುಲುಮೆ

ನನಗೆ ಸಿಟ್ಟು ಬೇಗ. ಹೆಮ್ಮೆಯಿಂದ ಹೇಳುತ್ತಿಲ್ಲ, ಕೆಮ್ಮು ಇದೆ ಎಂದು ಡಾಕ್ಟರಿಗೆ ಹೇಳುವ ಹಾಗೆ ಹೇಳುತ್ತಿದ್ದೇನೆ. ಬಸ್ಸು ತಡವಾದರೆ ಸಿಟ್ಟು, ಬೇಗ ಹೊರಟುಹೋದರೆ ಇನ್ನೂ ಸಿಟ್ಟು. ಆದರೆ ದಿನಾ ಬೆಳಿಗ್ಗೆ ನಮ್ಮ ದೇವರ ಮನೆಯ ಗಂಟೆ ಕೇಳಿದಾಗ ಬರುವ ಸಿಟ್ಟಿದೆಯಲ್ಲ, ಅದರ ಮುಂದೆ ಇವೆಲ್ಲ ಏನೂ ಅಲ್ಲ. ದೇವರ ಗಂಟೆ ಕೇಳಿ ಹಲ್ಲು ಕಡಿಯುವವನು ಎಂಥ ಪಾಪಿ ಎಂದು ನೀವು ಹುಬ್ಬೇರಿಸುವ ಮೊದಲು ನನ್ನ ಸಂಕಟವನ್ನೂ ಸ್ವಲ್ಪ ಕೇಳಿ.

ನಮ್ಮದು ನಾಗಮಂಗಲದಲ್ಲಿ ಕಂಚು ಎರೆಯುವ ಮನೆ. ತಾತ ಎರಕದವರು, ಅಪ್ಪ ಎರಕದವರು, ನಾನು ಮಾತ್ರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಓದಿದ್ದು ಜ್ಞಾನದಾಹದಿಂದ ಎಂದು ಮಕ್ಕಳಿಗೆ ಹೇಳುತ್ತೇನೆ. ಸುಳ್ಳು. ಕುಲುಮೆಗೆ ಗಾಳಿ ಊದುವ ತಿದಿ ಒತ್ತಿ ಒತ್ತಿ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದಕ್ಕೆ ಓದಿದೆ. ಊರಿಗೆ ಕೇಬಲ್ ಟಿವಿ ಬಂದ ವರ್ಷ ಮನೆಯ ಗಂಟೆ ಬಿರುಕು ಬಿಟ್ಟಿತು. ತಾತ ಎರೆದದ್ದು, ಅವ್ವ ಸಾಯುವ ತನಕ ಬಾರಿಸಿದ್ದು. ನಮ್ಮಲ್ಲಿ ಮನೆಗಂಟೆಯನ್ನು ಇನ್ನೊಬ್ಬರ ಕುಲುಮೆಗೆ ಕೊಡುವುದಿಲ್ಲ, ಮಾರಿ ಹೊಸದು ತರುವುದೂ ಇಲ್ಲ. ಅದೇ ಕಂಚು ಕರಗಿಸಿ ಮನೆಯವರೇ ಎರೆಯಬೇಕು. ಕಂಚು ಕೆಟ್ಟರೆ ಅವ್ವನ ಗಂಟೆ ಹೋದಂತೆಯೇ. ಅಪ್ಪನಿಗೆ ಆಗಲೇ ಉಬ್ಬಸ. "ಉಯ್ಯದೇನೋ ನಾ ಉಯ್ತೀನಿ, ತಿದಿ ಒತ್ತಕ್ಕಾಗಕಿಲ್ಲ ಕಣ್ಲಾ" ಎಂದು ನನ್ನ ಮುಖ ನೋಡಿದರು. ನಾನು ಎದೆಯುಬ್ಬಿಸಿ, "ತಿದಿಯೇ ಬೇಡದ ಕುಲುಮೆ ಮಾಡಿಕೊಡ್ತೀನಿ ಸುಮ್ನಿರಪ್ಪ" ಎಂದೆ.

ನನ್ನ ಹೆಂಡತಿಯ ತಮ್ಮ ನಾಗರಾಜನದು ಪಾಂಡವಪುರದಲ್ಲಿ ಟ್ರೇಲರ್ ರಿಪೇರಿಯ ವೆಲ್ಡಿಂಗ್ ಅಂಗಡಿ. ಕೂಡಲೇ ಬಾ ಎಂದು ಹೇಳಿ ಕಳಿಸಿದೆ. ಹಳೆಯ ವೆಲ್ಡಿಂಗ್ ಸೆಟ್ಟನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. "ಭಾವ, ಇದು ಆಯ್ತದಾ?" ಎಂದು ಕೇಳಿದ. "ನಾನು ಹೇಳಿದಷ್ಟು ಮಾಡು" ಎಂದೆ. ಸತ್ತ ಟಾರ್ಚು ಸೆಲ್ಲುಗಳನ್ನು ಒಡೆದು ಒಳಗಿನ ಇಂಗಾಲದ ಕಡ್ಡಿ ತೆಗೆದೆವು. ಬೆಂಕಿ ತಡೆಯುವ ಇಟ್ಟಿಗೆ ಜೋಡಿಸಿ, ನಡುವೆ ಹಳೆಯ ಗಂಟೆಯ ಕಂಚಿನ ಚೂರು ತುಂಬಿದ ಮಣ್ಣಿನ ಮೂಸೆ ಇಟ್ಟು, ಕಡ್ಡಿಗಳ ತುದಿ ಎದುರುಬದುರು ಬರುವಂತೆ ಕಟ್ಟಿ ಸೆಟ್ಟಿನ ವೈರು ಸಿಕ್ಕಿಸಿದೆವು. ಆ ತುದಿಗಳ ನಡುವೆ ಹಾರುವ ಕಿಡಿಯೇ ಬೆಂಕಿ. ನಾನು ಅಂಗಳದಲ್ಲಿ ನಿಂತು ಅಪ್ಪನಿಗೆ ಇದರ ಬಗ್ಗೆ ಪೂರಾ ಒಂದು ಪಾಠ ಮಾಡಿದೆ. ಅವರು ಆಕಳಿಸಿದರು.

ಸ್ವಿಚ್ ಹಾಕಿದ್ದೇ ತಡ, ಅಂಗಳಕ್ಕೆ ಇನ್ನೊಬ್ಬ ಸೂರ್ಯ ಬಂದ. ಬೀದಿಯ ಹಿಟ್ಟಿನ ಗಿರಣಿ ಗೊರಗೊರ ಎಂದು ಮುಗ್ಗರಿಸಿತು. ಎದುರುಮನೆಯ ನಿಂಗಮ್ಮ ಖಾಲಿ ಬೇಸಿನ್ ಸಮೇತ ಒಳಗೆ ನುಗ್ಗಿದಳು. "ಏನ್ ಮೇಷ್ಟ್ರೆ, ಐಕ್ಳಿಗೆ ಓದ್ಸಾದ್ ಬುಟ್ಟು ಬೀದಿ ಕರೆಂಟ್ನೆಲ್ಲ ಯಾಕ್ ನುಂಗ್ತಾ ಇದ್ದೀರಿ? ನನ್ ರಾಗಿ ಅರ್ಧ ಗಿರಣಿ ಒಳ್ಗೇ ಕೂತದೆ!" ಅವಳಿಗೆ ಉತ್ತರ ಹೇಳಿ ತಿರುಗಿದರೆ ಅಪ್ಪ ವೆಲ್ಡಿಂಗಿನ ಕಪ್ಪು ಕನ್ನಡಕ ಕಿತ್ತೆಸೆದು, ಆ ಬೆಳಕನ್ನೇ ದಿಟ್ಟಿಸುತ್ತಾ ಕೂತಿದ್ದಾರೆ! "ಅಪ್ಪಾ, ಕಣ್ಣು ಹೋಗ್ತದೆ!" ಎಂದು ಅರಚಿದೆ. "ಕಂಚಿನ್ ಬಣ್ಣ ನೋಡ್ದೆ ಉಯ್ಯಾದು ಎಂಗ್ಲಾ?" ಎಂದರು. ಐವತ್ತು ವರ್ಷ ಬಣ್ಣ ನೋಡಿಯೇ ಕಂಚು ಹದವಾಯಿತೆಂದು ತಿಳಿದವರು, ಕಪ್ಪು ಗಾಜಿನಲ್ಲಿ ಯಾವ ಬಣ್ಣ ನೋಡಿಯಾರು? ಇದು ನನ್ನ ಪಾಠದಲ್ಲಿ ಇರಲಿಲ್ಲ. ಅಷ್ಟರಲ್ಲಿ ಮೂಸೆಯಿಂದ ಬಿಳಿ ಹೊಗೆ ಎದ್ದಿತು, ಕಂಬದ ಮೇಲೆ ಫ್ಯೂಸು ಢಬ್ಬೆಂದಿತು. ಅಪ್ಪ ಆದಷ್ಟನ್ನು ಅಚ್ಚಿಗೆ ಉಯ್ದರು.

ಸಂಜೆಗೆ ಎರೆದ ಗಂಟೆ ತಣ್ಣಗಾಗಿತ್ತು. ಬಾರಿಸಿದರೆ ತಪಲೆ ಬಡಿದ ಸದ್ದು. ಅದೇ ಹೊತ್ತಿಗೆ ಅಪ್ಪನ ಎರಡೂ ಕಣ್ಣು ಊದಿ, ಮರಳು ಬಿದ್ದ ಹಾಗೆ ಚುಚ್ಚತೊಡಗಿತು. ಎರಡು ದಿನ ಕಣ್ಣು ಮುಚ್ಚಿಕೊಂಡಿದ್ದರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಆದರೂ ನಾನು ಹೆದರಿದ್ದೆ. ಹೆದರಿದರೆ ನನಗೆ ಬೈಗುಳವೇ ಬರುವುದು. ಸಿಕ್ಕಿದವನು ನಾಗರಾಜ. ಅವನ ಅಂಗಡಿ, ಅವನ ಬುದ್ಧಿ, ಅವನ ಟೆಂಪೋ, ಒಂದನ್ನೂ ಬಿಡದೆ ಬೈದೆ. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅಪ್ಪ ಗಂಟೆಯನ್ನು ಕೈಗೆ ಇಸಕೊಂಡು, ಉಗುರಿನಿಂದ ಒಮ್ಮೆ ತಟ್ಟಿದರು.

"ಕಂಚ್ನಾಗಿರೋ ತವರ ಹೊತ್ತೋಗದೆ. ಒಸಿ ತವರ ಹಾಕುದ್ರೆ ಸರೋಯ್ತದೆ. ಆ ಹೈದನ್ನ್ ಯಾಕ್ಲಾ ಬೋಯ್ತೀಯ? ತಿದಿ ಒತ್ತಕ್ಕಾಗಕಿಲ್ಲ ಅಂತ ನಿನ್ ಮಕ ನೋಡ್ಕಂಡ್ ಯಾಕೇಳ್ದೆ? ನೀ ಬಂದ್ ಒತ್ತೀಯ ಅಂತ. ನೀನು ಬೀದಿ ಕರೆಂಟೇ ತೆಗ್ದ್‌ಬುಟ್ಟೆ."

ನಾಗರಾಜನ ಜೊತೆ ಸೇರಿ ವೆಲ್ಡಿಂಗ್ ಸೆಟ್ಟನ್ನು ಟೆಂಪೋಗೆ ಹೇರಿದೆ.

ಅಪ್ಪನ ಕಣ್ಣು ತಿಳಿಯಾದ ಮೇಲೆ ಇದ್ದಿಲು ತಂದೆ, ತವರ ತಂದೆ, ಗಂಟೆಯನ್ನು ಮತ್ತೆ ಒಡೆದು ಮೂಸೆಗೆ ಹಾಕಿ, ನಾನು ಇಪ್ಪತ್ತು ವರ್ಷದಿಂದ ಮುಟ್ಟದ ತಿದಿಯ ಮುಂದೆ ಕೂತೆ. ನಿಂಗಮ್ಮ ರಾಗಿ ಬೀಸಿಸಿಕೊಂಡು ನಿಧಾನವಾಗಿ ನೋಡಲು ಬಂದಳು, ಜೊತೆಗೆ ಅರ್ಧ ಬೀದಿ. "ಒತ್ಲಾ ಮೇಷ್ಟ್ರೆ, ಉಂಡಿಲ್ವಾ?" ಎಂದು ಅಪ್ಪ ಗದರಿದಾಗ ಎಲ್ಲರೂ ನಕ್ಕರು. ನಾಗರಾಜನಂತೂ ಕಣ್ಣೀರು ಒರೆಸಿಕೊಂಡು ನಕ್ಕ.

ಅಂದು ಅಪ್ಪ ಮತ್ತೆ ಎರೆದ ಆ ಗಂಟೆಯೇ ಈಗ ದಿನಾ ನಮ್ಮನ್ನು ಎಬ್ಬಿಸುವುದು. ಅವ್ವ ಬಾರಿಸಿದಾಗ ಇದ್ದ ನಾದವೇ, ಒಂದೆಳೆಯೂ ಕಮ್ಮಿಯಿಲ್ಲ. ಒಂದು ದಿನವಾದರೂ ಅಪಸ್ವರ ನುಡಿದರೆ ನನ್ನ ವಿಜ್ಞಾನದ ಮಾನ ಸ್ವಲ್ಪ ಉಳಿದೀತು. ಹಾಳಾದ್ದು, ನುಡಿಯುವುದಿಲ್ಲ. ಗಂಟೆ ಬಾರಿಸಿ, ನಾದ ಪೂರ್ತಿ ಅಡಗುವ ತನಕ ಅಪ್ಪ ನನ್ನ ಮುಖವನ್ನೇ ನೋಡುತ್ತಾರೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.