ಬಲ ಹಿಮ್ಮಡಿಯವರು ನೆಲ ಮುಟ್ಟುವುದಿಲ್ಲವಂತೆ

ಗೆ,
ಶ್ರೀ ಬಲ ಹಿಮ್ಮಡಿಯವರು,
ನನ್ನ ದೇಹದ ದಕ್ಷಿಣದ ತುತ್ತತುದಿ,
ಹರ್ನ್‌ಡನ್, ವರ್ಜೀನಿಯಾ.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂಬ ಸಮಾಚಾರ ಪ್ರತಿದಿನ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟ ಕ್ಷಣದಲ್ಲೇ ನನಗೆ ತಲುಪುತ್ತಿರುವುದರಿಂದ, ಯೋಗಕ್ಷೇಮ ವಿಚಾರಿಸುವ ಶಿಷ್ಟಾಚಾರವನ್ನು ಬಿಟ್ಟು ನೇರವಾಗಿ ನಮಸ್ಕಾರಕ್ಕೆ ಬರುತ್ತೇನೆ. ತಮ್ಮ ಮೇಲೆ ನಿಂತು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದೆ, ಸಪ್ತಪದಿ ತುಳಿದೆ, ವಿಮಾನ ಹತ್ತಿ ಇಳಿದೆ. ಅಷ್ಟು ಕಾಲವೂ ತಾವು ಎಂಥ ವಿನಯವಂತರಾಗಿದ್ದಿರೆಂದರೆ ತಾವೊಬ್ಬರು ಇದ್ದೀರೆಂಬುದೇ ನನಗೆ ಗೊತ್ತಿರಲಿಲ್ಲ. ಈಗ ಮನೆಯಲ್ಲಿ ತಮ್ಮ ಹೆಸರು ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಬರುತ್ತಿದೆ. ಬಾತ್ ಟಬ್ಬಿನ ಅಂಚಿನಲ್ಲಿ ಕೂತು, ತಮ್ಮನ್ನು ಬಿಸಿ ಉಪ್ಪುನೀರಿನಲ್ಲಿ ಮುಳುಗಿಸಿ ಖಾಸಗಿಯಾಗಿ ಮಾಡಿಕೊಂಡ ವಿನಂತಿಗಳಿಗೆ ಉತ್ತರ ಬಾರದ ಕಾರಣ, ನಮ್ಮ ಕನ್ನಡ ಕೂಟದ ಪತ್ರಿಕೆಯ ಮೂಲಕ ಬಹಿರಂಗವಾಗಿ ಮೊರೆಹೋಗುತ್ತಿದ್ದೇನೆ.

ಮೊದಲು ತಮ್ಮ ಸಮಯಪ್ರಜ್ಞೆಯನ್ನು ಕೊಂಡಾಡಬೇಕು. ಎದ್ದ ಮೊದಲ ಹೆಜ್ಜೆಗೆ ಮೊಳೆ ತುಳಿದಂತೆ ಚುಚ್ಚಿ, ಅಡುಗೆಮನೆಯಲ್ಲಿ ನಾಲ್ಕು ಸಲ ಓಡಾಡುವಷ್ಟರಲ್ಲಿ ಏನೂ ನಡೆದೇ ಇಲ್ಲವೆಂಬಂತೆ ತಣ್ಣಗಾಗಿ, ನಾನು ಕೂತು ಮಗಳಿಗೆ ಊಟ ಮಾಡಿಸಿ ಏಳುವಾಗ ಮತ್ತೆ ಚುಚ್ಚಿ "ಅಯ್ಯಮ್ಮಾ" ಅನ್ನಿಸುವ ತಮ್ಮ ಕ್ರಮದಲ್ಲಿ ಒಂದು ದಿನವೂ ವ್ಯತ್ಯಾಸವಾಗಿಲ್ಲ. ನಮ್ಮ ಮನೆಯವರು, ಮುರಳೀಧರ, ಕಣ್ಣುಜ್ಜಿಕೊಂಡು ಕಾಫಿಗೆ ಬರುವ ಹೊತ್ತಿಗೆ ತಾವು ಪರಮ ಸಜ್ಜನರಾಗಿರುತ್ತೀರಿ. "ಈಗ ಚೆನ್ನಾಗೇ ನಡೀತಿದೀಯಲ್ಲ?" ಎಂದು ಅವರು ಕೇಳಿದಾಗ, ರಾತ್ರಿಯಿಡೀ ಮಗಳು ಮಲಗಗೊಡದ ಮುಖ ಹೊತ್ತು ನಾನು ಸುಳ್ಳಿಯಂತೆ ನಿಲ್ಲುತ್ತೇನೆ.

ಆ ಮೊದಲ ಹೆಜ್ಜೆಯನ್ನು ತಪ್ಪಿಸಲು ನಾನು ಕಂಡುಕೊಂಡ ಉಪಾಯದಿಂದಲೇ ಈ ಪತ್ರದ ನಿಜವಾದ ದೂರು ಹುಟ್ಟಿದೆ. ಬೆಳಿಗ್ಗೆ ನಾನು ಮಂಚದಿಂದ ಕಾರ್ಪೆಟ್ಟಿಗೆ ಜಾರಿ, ಅಂಬೆಗಾಲಿಡುತ್ತ ಮಗಳು ನಿಧಿಯ ಮಂಚದವರೆಗೆ ಹೋಗುತ್ತಿದ್ದೆ. ಅವಳು ಸರಳುಗಳ ಸಂದಿನಿಂದ ನನ್ನನ್ನು ನೋಡಿ ಕೇಕೆ ಹಾಕುತ್ತಿದ್ದಳು. ಅವಳನ್ನು ಕೆಳಗಿಳಿಸಿದ ಮೇಲೆ ತಾಯಿ ಮಗಳಿಬ್ಬರೂ ಅಕ್ಕಪಕ್ಕದಲ್ಲಿ ಅಂಬೆಗಾಲಿಟ್ಟು ಅಡುಗೆಮನೆ ಸೇರುತ್ತಿದ್ದೆವು. ಬಹಳ ಚೆನ್ನಾಗಿತ್ತು. ಆದರೆ ಮೊದಲ ಹುಟ್ಟುಹಬ್ಬ ಕಳೆದು, ಬೇಸಿಗೆ ಬಂದು, ಫೇರ್‌ಫ್ಯಾಕ್ಸಿನ ಸಿದ್ದೇಶ್ವರಿಯವರ ಮಗ, ಇವಳಿಗಿಂತ ಚಿಕ್ಕವನು, ಪಾರ್ಕಿನಲ್ಲಿ ಬಾತುಕೋಳಿಗಳನ್ನು ಅಟ್ಟಿಸಿಕೊಂಡು ಓಡತೊಡಗಿದರೂ ನಮ್ಮ ನಿಧಿ ಎದ್ದು ನಡೆಯುವ ಸೂಚನೆಯನ್ನೇ ಕೊಡಲಿಲ್ಲ. ಮಕ್ಕಳ ಡಾಕ್ಟರು ಗಾಬರಿ ಬೇಡವೆಂದರು. ಗಾಬರಿ ಬೇಡವೆನ್ನುವವರ ಮುಖದಲ್ಲಿ ಗಾಬರಿ ಅಡಗಿದೆಯೇ ಎಂದು ಹುಡುಕುವುದು ನನ್ನ ಅಭ್ಯಾಸ. ಈ ಮನೆಯಲ್ಲಿ ದೊಡ್ಡವರು ಹೀಗೇ ಓಡಾಡುತ್ತಾರೆಂದು ಮಗು ತಿಳಿದಿದ್ದರೆ ಅದರ ತಪ್ಪೇನು ಎಂಬ ಯೋಚನೆ ತಲೆಗೆ ಹೊಕ್ಕ ದಿನದಿಂದ, ಮಗಳು ಮಲಗಿದರೂ ನನಗೆ ನಿದ್ದೆ ಇಲ್ಲ.

ತಮ್ಮ ಕೋಪಕ್ಕೆ ಕಾರಣವೇನೆಂದು ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಕೂಟದ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ಸುತ್ತ ವಿಚಾರಣೆ ನಡೆಯಿತು. ಮಾಲಿನಲ್ಲಿ ಕೊಂಡ ನನ್ನ ಚೂಪು ಮೂತಿಯ ಶೂಗಳದೇ ತಪ್ಪೆಂದರು ಒಬ್ಬರು. ಅಂಗಾಲು ಚಪ್ಪಟೆ ಇರಬೇಕೆಂದರು ಇನ್ನೊಬ್ಬರು. ಧಾರವಾಡದ ಗೌರಾಬಾಯಿ ಆಂಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಡದ ಮ್ಯಾಲ ಮೈ ಭಾರ ಆಗೇತಿ, ಕೂಸಿನ್ನ ಬ್ಯಾರೆ ಹೊತಗೊಂಡು ತಿರಗತಿ. ಆ ಕಾಲರ ಏನ್ ಮಾಡಬೇಕವಾ, ಪಾಪ!" ಎಂದು ತೀರ್ಪಿತ್ತು, ನನ್ನ ತಟ್ಟೆಗೇ ಇನ್ನೊಂದು ಹೋಳಿಗೆ ಹಾಕಿದರು. ಅಲ್ಲಿದ್ದವರೆಲ್ಲರೂ ತಮ್ಮ ಪರವಾಗಿಯೇ ವಾದಿಸಿದರೆಂಬುದನ್ನು ಸಂತೋಷದಿಂದ ತಿಳಿಸುತ್ತೇನೆ.

ಆಮೇಲೆ ಮೈಸೂರಿನಿಂದ ಬಂದಿರುವ ನಮ್ಮ ಅತ್ತೆ ಕಾತ್ಯಾಯಿನಮ್ಮನವರು ಚಿಕಿತ್ಸೆಯನ್ನು ಕೈಗೆತ್ತಿಕೊಂಡರು. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರಿದರೆ ನೋವು ಓಡಿಹೋಗುತ್ತದೆಂಬುದು ಅವರ ಅನುಭವ. ಹರ್ನ್‌ಡನ್ನಿನಲ್ಲಿ ಎಕ್ಕ ಸಿಗದ ಕಾರಣ ಅಂಗಡಿಯಿಂದ ಅಷ್ಟೇ ಅಗಲದ ಎಲೆಯ ಕಾಲರ್ಡ್ ಸೊಪ್ಪು ಬಂತು. ಇಟ್ಟಿಗೆಯನ್ನು ನಮ್ಮ ಮನೆಯವರು ಅಪಾರ್ಟ್‌ಮೆಂಟಿನ ಹೂವಿನ ಪಾತಿಯ ಅಂಚಿನಿಂದ ಎಬ್ಬಿಸಿ, ಜಾಕೆಟ್ಟಿನೊಳಗೆ ಮಗುವಿನಂತೆ ಅವುಚಿಕೊಂಡು ತಂದರು. ಓವನ್ನಿನಲ್ಲಿ ಇಟ್ಟಿಗೆ ಕಾಯಿತೋ ಇಲ್ಲವೋ, ಅದಕ್ಕಂಟಿದ್ದ ಮಣ್ಣು ಕಸಕಡ್ಡಿಯೆಲ್ಲ ಹೊಗೆಯಾಡಿ ಇಡೀ ಕಟ್ಟಡದ ಅಲಾರಂ ಹೊಡೆದುಕೊಂಡಿತು. ನಾನು ನಿಧಿಯನ್ನೆತ್ತಿಕೊಂಡು ಮೆಟ್ಟಿಲಿಳಿದು ಓಡಿದೆ. ಪಾರ್ಕಿಂಗ್ ಲಾಟಿನಲ್ಲಿ ನೆರೆಹೊರೆಯವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದಾಗ ಫೈರ್ ಎಂಜಿನ್ನಿನ ಹಿರಿಯರೊಬ್ಬರು ನಮ್ಮ ಇಟ್ಟಿಗೆಯನ್ನು ಇಕ್ಕಳದಲ್ಲಿ ಹಿಡಿದು ಹೊರತಂದು, ಇದು ಯಾರ ಅಡುಗೆ ಎಂದು ಕೇಳಿದರು. ಆ ಗಲಾಟೆಯಲ್ಲಿ ತಾವು ಒಂದಿಷ್ಟೂ ನೋಯಲಿಲ್ಲ; ಓಡುವಾಗ ತಾವಿದ್ದೀರೆಂಬುದೇ ನನಗೆ ಮರೆತಿತ್ತು. ಅತ್ತೆ ನನ್ನ ಕಾಲು ನೋಡಿ, "ನೋಡಿದ್ಯಾ, ಇಟ್ಟಿಗೆ ಕಾವು ಅಂದ್ರೆ ಹಾಗೆ!" ಎಂದರು. ಇಟ್ಟಿಗೆ ತಮ್ಮನ್ನು ಮುಟ್ಟಿಯೇ ಇರಲಿಲ್ಲವೆಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮಾರನೆಯ ಬೆಳಿಗ್ಗೆ ತಾವು ಬಡ್ಡಿ ಸಮೇತ ಹಿಂದಿರುಗಿದ್ದರಿಂದ ಪಾದದ ಡಾಕ್ಟರಲ್ಲಿಗೆ ಹೋಗಬೇಕಾಯಿತು. ಅವರು ಹೆಬ್ಬೆರಳಿನಿಂದ ತಮ್ಮನ್ನು ಒತ್ತಿದರು. ನಾನು ಛಾವಣಿ ಮುಟ್ಟಿ ಬಂದೆ. ಬೆರಳುಗಳ ಬುಡದಿಂದ ತಮ್ಮವರೆಗೆ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಇದೆಯಂತೆ. ರಾತ್ರಿ ಅದು ಬಿಗಿದುಕೊಂಡು ಮಲಗಿ, ಬೆಳಿಗ್ಗೆ ಭಾರ ಬಿದ್ದಾಗ ತಮ್ಮನ್ನು ಜಗ್ಗುತ್ತದಂತೆ. ಮನೆಯೊಳಗೆ ಎಂಥ ಶೂ ಹಾಕುತ್ತೀರಿ ಎಂದು ಅವರು ಕೇಳಿದಾಗ ತಮಾಷೆಯೆಂದು ತಿಳಿದು ನಕ್ಕೆ. ಅವರು ನಗಲಿಲ್ಲ. ಮಗುವನ್ನು ಸೊಂಟಕ್ಕಿಟ್ಟುಕೊಂಡು ದಿನವಿಡೀ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಿಂತರೆ ಇನ್ನೇನಾಗಬೇಕು ಎಂಬುದು ಅವರ ಮುಖದಲ್ಲಿತ್ತು. ಏಳುವ ಮೊದಲು ಟವೆಲನ್ನು ಪಾದಕ್ಕೆ ಸುತ್ತಿ ಬೆರಳುಗಳನ್ನು ನನ್ನ ಕಡೆಗೆ ಎಳೆದುಕೊಳ್ಳಬೇಕು, ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸಬೇಕು, ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಯನ್ನು ಅಂಗಾಲಿನಡಿ ಉರುಳಿಸಬೇಕು, ಮತ್ತು ಮೆತ್ತನೆಯ ಅಟ್ಟೆಯ ಶೂಗಳನ್ನು ಮಂಚದಿಂದಲೇ ಹಾಕಿಕೊಂಡು ಇಳಿಯಬೇಕು.

ಎಲ್ಲವನ್ನೂ ಮಾಡಿದೆ, ಕೊನೆಯದೊಂದನ್ನು ಬಿಟ್ಟು. ಗೋಡೆ ತಳ್ಳುವಾಗ ಅತ್ತೆ, "ಹುಷಾರು ಕಣೇ, ಬಾಡಿಗೆ ಮನೆ" ಎಂದರು. ಉರುಳುವ ಬಾಟಲಿಯ ಹಿಂದೆ ನಿಧಿ ಅಂಬೆಗಾಲಿನಲ್ಲೇ ಓಡಿದಳು. ಶೂಗಳು ಮಾತ್ರ ಡಬ್ಬಿ ಸಮೇತ ಬಾಗಿಲ ಬಳಿ ಕೂತವು. ನಮ್ಮ ದೇವರು ಅಡುಗೆಮನೆಯ ಕಪಾಟಿನಲ್ಲಿ, ಸೀರಿಯಲ್ ಡಬ್ಬಿಯ ಪಕ್ಕದಲ್ಲಿದ್ದಾರೆ. ಅವರೆದುರು ಶೂ ಹಾಕಿ ನಿಂತು ಒಗ್ಗರಣೆ ಹಾಕುವುದೆಂದರೆ, ಅತ್ತೆ ಏನೂ ಅನ್ನದಿದ್ದರೂ, ನನಗೇ ಪಾಪವೆನಿಸುತ್ತಿತ್ತು.

ಕಳೆದ ಶನಿವಾರ ಬೆಳಿಗ್ಗೆ ನಿಧಿ ಸೋಫಾ ಬಿಟ್ಟು ನಿಂತಳು. "ಮುರಳೀ, ಕ್ಯಾಮೆರಾ ತಗೊಂಬಾರೋ!" ಎಂದು ಅತ್ತೆ ಕೂಗಿದರು. ಮಗಳು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಒಬ್ಬೊಬ್ಬರದಾಗಿ ಕೈ ನಿಂತಿತು. ಅವಳು ಬಲ ಹಿಮ್ಮಡಿಯನ್ನು ನೆಲಕ್ಕೆ ತಾಗಿಸದೆ, ತುದಿಬೆರಳಿನ ಮೇಲೆ, ಸೊಂಟ ವಾಲಿಸಿ, ಗೋಡೆ ಸವರುತ್ತ ಬರುತ್ತಿದ್ದಳು. ಅದೂ ಸಾಲದೆಂಬಂತೆ ಬಲಗಾಲು ಮುಂದಿಟ್ಟಾಗಲೆಲ್ಲ "ಅಯ್ಯಮ್ಮಾ" ಅನ್ನುತ್ತಿದ್ದಳು. ನಾನು ಎತ್ತಿಕೊಂಡು ಅವಳ ಪಾದವನ್ನು ಡಾಕ್ಟರು ಒತ್ತಿದ್ದಕ್ಕಿಂತ ಹೆಚ್ಚಾಗಿ ಒತ್ತಿ ನೋಡಿದೆ. ಇಡ್ಲಿಯಷ್ಟು ಮೆತ್ತಗಿತ್ತು, ಅವಳು ಕಚಗುಳಿಗೆ ನಕ್ಕಳು. ಕೆಳಗಿಳಿಸಿದರೆ ಮತ್ತೆ ಅದೇ ವಾಲು, ಅದೇ "ಅಯ್ಯಮ್ಮಾ". ನಡೆಯುವುದೆಂದರೆ ಹೀಗೆ ಎಂದು ಅವಳು ನನ್ನನ್ನೇ ನೋಡಿ ಶ್ರದ್ಧೆಯಿಂದ ಕಲಿತಿದ್ದಳು.

ಅತ್ತೆ ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಎದ್ದುಹೋಗಿ ಬಾಗಿಲ ಬಳಿಯ ಡಬ್ಬಿ ಬಿಚ್ಚಿ, ಶೂಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡಕ್ಕೂ ಮೂತಿಯ ಮೇಲೆ ಕುಂಕುಮದ ಬೊಟ್ಟಿಟ್ಟು ನನ್ನ ಮುಂದಿಟ್ಟರು. "ಹಾಕ್ಕೋ. ಇದು ಮಡಿ ಶೂ. ಇದನ್ನ ಹಾಕ್ಕೊಂಡು ಬೀದಿಗೆ ಹೋದ್ರೆ ಮಾತ್ರ ನಾನು ಸುಮ್ನಿರಲ್ಲ" ಎಂದರು. ನನ್ನ ಕಣ್ಣು ತುಂಬಿದ್ದು ತಮ್ಮ ನೋವಿನಿಂದ ಅಲ್ಲವೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಆದ್ದರಿಂದ ಮಾನ್ಯರೇ, ತಮ್ಮಂಥ ಗುರುಗಳು ಸಿಕ್ಕಿದ್ದು ನಮ್ಮ ಪುಣ್ಯವಾದರೂ ಮಗಳ ಪಾಠವನ್ನು ಇಲ್ಲಿಗೆ ನಿಲ್ಲಿಸಬೇಕೆಂದು ಕೈಮುಗಿದು ಕೇಳುತ್ತೇನೆ. ನೋಯಲೇಬೇಕೆಂಬ ಹಟವಿದ್ದಲ್ಲಿ ಅವಳು ನಿದ್ದೆ ಮಾಡುವಾಗ ಮಾತ್ರ ನೋಯಬಹುದು. ಅದು ಯಾವಾಗೆಂದು ತಮಗೆ ಗೊತ್ತಾದರೆ ನನಗೂ ತಿಳಿಸಿ. ಅದೂ ಆಗದಿದ್ದಲ್ಲಿ ನಮ್ಮ ಮನೆಯವರ ಹಿಮ್ಮಡಿಗೆ ವರ್ಗ ಮಾಡಿಸಿಕೊಳ್ಳಿ. ಆಫೀಸಿನ ದಾರಿಯ ಡಲ್ಲಸ್ ಟೋಲ್ ರೋಡಿನಲ್ಲಿ ಬ್ರೇಕ್ ಒತ್ತುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ನಾನಂತೂ ಈ ವಾರವೆಲ್ಲ ಬೊಟ್ಟಿಟ್ಟ ಶೂ ಹಾಕಿ, ಮೊದಲು ಹಿಮ್ಮಡಿ ಆಮೇಲೆ ಬೆರಳು ಎಂದು ಗಣರಾಜ್ಯೋತ್ಸವದ ಪೆರೇಡಿನಂತೆ ಅವಳ ಮುಂದೆ ನಡೆದಿದ್ದೇನೆ. ಅವಳು ನನ್ನ ಮುಖ ನೋಡುವುದಿಲ್ಲ, ಕಾಲನ್ನೇ ನೋಡುತ್ತಾಳೆ. ಇವತ್ತು ಬೆಳಿಗ್ಗೆ ಅವಳ ಎರಡು ಹಿಮ್ಮಡಿಗಳೂ ನೆಲ ಮುಟ್ಟಿದವು. ಸೋಫಾದಿಂದ ದೇವರ ಕಪಾಟಿನವರೆಗೆ ನೆಟ್ಟಗೆ ನಡೆದು ಬಂದಳು, ಒಂದೊಂದು ಹೆಜ್ಜೆಗೂ ಸಂತೋಷದಿಂದ "ಅಯ್ಯಮ್ಮಾ" ಎನ್ನುತ್ತ.

ತಮ್ಮನ್ನು ನಂಬಿಯೇ ನಿಂತಿರುವ,
ತಮ್ಮ ವಿಶ್ವಾಸಿ,
ಶ್ರೀಲತಾ ಮುರಳೀಧರ

ತಾ.ಕ.: ಇದರ ಪ್ರತಿಯನ್ನು ಎಡ ಹಿಮ್ಮಡಿಯವರಿಗೂ ಓದಿ ಹೇಳಿದ್ದೇನೆ. ಫೈರ್ ಎಂಜಿನ್ನಿನವರು ಹೋಗುವಾಗ ಇಟ್ಟಿಗೆಯನ್ನು ನಮಗೇ ಕೊಟ್ಟುಹೋಗಿದ್ದಾರೆ; ಅತ್ತೆ ಅದನ್ನು ತೊಳೆದು, ಒರೆಸಿ, ಮಂಚದ ಕೆಳಗೆ, ತಮಗೆ ಚೆನ್ನಾಗಿ ಕಾಣುವ ಹಾಗೆ ಇಟ್ಟಿದ್ದಾರೆ.