ಉಜ್ಜಿ ತೊಳೆದ ಉಲ್ಕೆಯ ಬಗ್ಗೆ ಒಂದು ಸವಿನಯ ತಕರಾರು

ಕ್ಷುದ್ರಗ್ರಹಗಳನ್ನು ಅಗೆದು ತರಲು ಹೊರಟಿರುವ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರ ಘನ ಸನ್ನಿಧಾನಕ್ಕೆ

ಮಾನ್ಯರೇ,

ಭೂಮಿಯ ಮೇಲೆ ಅಗೆಯಲು ಇನ್ನೇನೂ ಉಳಿದಿಲ್ಲವೆಂದು ಮನಗಂಡು ಆಕಾಶದ ಕಡೆಗೆ ಗುದ್ದಲಿ ಎತ್ತಿರುವ ತಮಗೂ, ತಮ್ಮ ರಾಕೆಟ್ಟಿಗೂ, ಅದಕ್ಕಿಂತ ಮೊದಲೇ ಗಗನಕ್ಕೆ ಹಾರಿರುವ ತಮ್ಮ ಜಾಹೀರಾತು ವಿಭಾಗಕ್ಕೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ನಾನು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಒಂದು ಸಣ್ಣ ಅಂಗಡಿಯವನು; ಹವ್ಯಾಸದಿಂದ ಉಲ್ಕಾಶಿಲೆಗಳ ಸಂಗ್ರಾಹಕ. ಅಂದರೆ ತಾವು ಮೇಲೆ ಹೋಗಿ ತರಬೇಕೆಂದಿರುವ ಸಾಮಾನನ್ನು, ಅದು ಕೆಳಗೆ ಬಂದ ಮೇಲೆ ಜೋಪಾನ ಮಾಡುವವನು. ಹೀಗೆ ನಾವಿಬ್ಬರೂ ಒಂದೇ ಕಸುಬಿನವರಾದ್ದರಿಂದ ಸ್ವಲ್ಪ ಸಲುಗೆ ವಹಿಸಿದರೆ ಕ್ಷಮಿಸಬೇಕು.

ಇನ್ನು ಕೆಲವೇ ವರ್ಷಗಳಲ್ಲಿ ಆಕಾಶದ ಕಲ್ಲು, ಕಬ್ಬಿಣ, ನಿಕ್ಕಲ್ಲುಗಳು ಟನ್ನುಗಟ್ಟಲೆ ಬಂದು ಬೀಳಲಿವೆ ಎಂಬ ತಮ್ಮ ಇಡೀ ಪುಟದ ಜಾಹೀರಾತನ್ನು ನಮ್ಮ ಮನೆಗೆ ತಂದುಕೊಟ್ಟವರು ನನ್ನ ಷಡ್ಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಬಚ್ಚಲುಮನೆ ಟೈಲ್ಸ್ ಮಾರುವ ಈ ಮಹಾಶಯರು ಇಷ್ಟು ವರ್ಷದಲ್ಲಿ ನಮ್ಮ ಮನೆಗೆ ಕೈಯಲ್ಲಿ ಏನಾದರೂ ಹಿಡಿದುಕೊಂಡು ಬಂದದ್ದು ಅದೇ ಮೊದಲು. ಪೇಪರನ್ನು ಊಟದ ಮೇಜಿನ ಮೇಲೆ ಹರಡಿ, ಇನ್ನು ಮುಂದೆ ನನ್ನ ಕಪಾಟಿನ ಬೆಲೆ ರಸ್ತೆಗೆ ಹಾಕುವ ಜಲ್ಲಿಯ ಬೆಲೆಗೆ ಸಮ ಎಂದು ಎಲ್ಲರಿಗೂ ಕೇಳುವಂತೆ ವಿವರಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ಕೇಳಿದ್ದೆ. ತಮ್ಮ ಕೂಸು ಹುಟ್ಟುವ ಮುಂಚೆ ನಮ್ಮ ಮನೆಯ ಕೂಸಿನ ಕುಲಾವಿ ಕಿತ್ತುಕೊಂಡದ್ದನ್ನು ಕಂಡದ್ದು ಆವತ್ತೇ.

ಇಲ್ಲಿ ನಮ್ಮ ಮನೆಯ ಪರಿಸ್ಥಿತಿಯನ್ನು ತಮಗೆ ಅರಿಕೆ ಮಾಡಿಕೊಳ್ಳಬೇಕು. ನಾನೇ ಕೈಯಾರೆ ಗಾಜಿನ ಬಾಗಿಲು ಕೂರಿಸಿ ಮಾಡಿದ ಕಲ್ಲಿನ ಕಪಾಟು ನಮ್ಮ ಚಿಕ್ಕ ಕೋಣೆಯ ಉದ್ದದ ಗೋಡೆಯನ್ನು ಪೂರ್ತಿ ಆವರಿಸಿದೆ. ಅತ್ತೆಯವರು ಮುಂದಿನ ವಾರ ಬಂದು ನಮ್ಮಲ್ಲೇ ಇರುವುದಾಗಿ ಫೋನಿನಲ್ಲಿ ತಿಳಿಸಿದ್ದರು. ಬರಲೇ ಎಂದು ಕೇಳಲಿಲ್ಲ, ಬರುತ್ತೇನೆ ಎಂದರು. ಅವರ ಮಂಚಕ್ಕೆ ಬೇಕಾದದ್ದು ಅದೇ ಗೋಡೆ. ಹೆಂಡತಿಯ ಎಲ್ಲ ಆಕ್ಷೇಪಣೆಗಳಿಗೂ ನಾನು ಮದುವೆಯಾದಾಗಿನಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದೆ: ಇದು ಕಲ್ಲಲ್ಲ, ಮುಂದಿನ ಕಾಲ. ತಮ್ಮ ಜಾಹೀರಾತನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಅವಳು ಮೆಲ್ಲಗೆ ಹೇಳಿದಳು: "ಮುಂದಿನ ಕಾಲ ಬಂತಲ್ಲ ರೀ. ಇನ್ನು ಕಪಾಟು ಖಾಲಿ ಮಾಡಿ."

ಮಾನ್ಯರೇ, ನಾನು ವಾದಿಸದೆ ಸೋತವನಲ್ಲ. ತಾವು ತರುವ ಕಲ್ಲಿಗೂ ನನ್ನ ಕಲ್ಲಿಗೂ ಇರುವ ಅಂತರವನ್ನು ಅವಳಿಗೆ ಬಿಡಿಸಿ ಹೇಳಿದೆ. ಉಲ್ಕೆ ಗಾಳಿಯನ್ನು ಸೀಳಿಕೊಂಡು ಬರುವಾಗ ಮೈಯೆಲ್ಲ ಸುಟ್ಟು ಕಪ್ಪು ಸಿಪ್ಪೆ ಕಟ್ಟುತ್ತದೆ. ತಮ್ಮ ಕಲ್ಲು ಪೆಟ್ಟಿಗೆಯೊಳಗೆ ಹತ್ತಿ ಹೊದ್ದು ಬರುವುದರಿಂದ ಅದಕ್ಕೆ ಆ ಭಾಗ್ಯವಿಲ್ಲ. ಬಿದ್ದ ಊರಿನ ಹೆಸರನ್ನೇ ಉಲ್ಕೆಗೆ ಇಡುವುದು ನಮ್ಮಲ್ಲಿ ಪದ್ಧತಿ. ಬೀಳದೇ ಬಂದ ಕಲ್ಲಿಗೆ ತಾವು ಯಾವ ಊರಿನ ಹೆಸರಿಡುತ್ತೀರಿ? ಕಬ್ಬಿಣದ ಬೆಲೆ ಬೀಳಬಹುದು, ನಿಕ್ಕಲ್ಲಿನ ಬೆಲೆ ಪಾತಾಳ ಕಾಣಬಹುದು; ಆದರೆ ಆಕಾಶದ ಕಲ್ಲು ಗೋದಾಮಿನಲ್ಲಿ ರಾಶಿ ಬೀಳುವ ಕಾಲಕ್ಕೆ, ಹಾದಿ ತಪ್ಪಿ ಒಬ್ಬರ ಗ್ಯಾರೇಜಿನ ಸೂರು ತೂರಿ ಬಂದ ನನ್ನ ಕಲ್ಲಿನಂಥದಕ್ಕೆ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಮೇಜು ಕುಟ್ಟಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಬರೆಯುವ ಆಸೆಯಿದ್ದರೂ, ಈ ಪತ್ರವನ್ನು ಅವಳೂ ಓದುವುದರಿಂದ ಹಾಗೆ ಬರೆಯುತ್ತಿಲ್ಲ.

ಅಲ್ಲದೆ ಅವಳು ಕೇಳಿಸಿಕೊಂಡಿದ್ದಳು, ಸಿಪ್ಪೆಯ ಮಾತು ಬಿಟ್ಟು ಬೆಲೆಯ ಮಾತನ್ನಷ್ಟೇ. ಅದೇ ಅನಾಹುತಕ್ಕೆ ಕಾರಣವಾಯಿತು. ತಮ್ಮ ರಾಕೆಟ್ಟು ಮರಳಿ ಬರುವುದರೊಳಗೆ ನನ್ನ ಕಲ್ಲುಗಳಿಗೆ ಒಳ್ಳೆಯ ಗಿರಾಕಿ ಸಿಗಲಿ, ಗಂಡನಿಗೆ ನಷ್ಟವಾಗದಿರಲಿ ಎಂಬ ಕಳಕಳಿಯಿಂದ, ನಾನು ಅಂಗಡಿಯಲ್ಲಿದ್ದಾಗ ಅವಳು ಕಪಾಟಿನ ನಡುವೆ ಇದ್ದ, ಎಲ್ಲಕ್ಕಿಂತ ಚೆಂದದ, ಆ ಗ್ಯಾರೇಜಿನ ಕಲ್ಲನ್ನೇ ತೆಗೆದು ಸೋಪಿನ ನೀರಿನಲ್ಲಿ ನೆನೆಸಿ, ಮರದ ಚೌಕಟ್ಟು ನುಣುಪು ಮಾಡಲು ನಾನಿಟ್ಟಿದ್ದ ಉಪ್ಪುಕಾಗದದಿಂದ ಕಪ್ಪು ಸಿಪ್ಪೆ ಒಂದು ಚೂರೂ ಉಳಿಯದಂತೆ ಉಜ್ಜಿ, ಬಿಸಿಲಿಗೆ ಒಣಗಿಸಿಟ್ಟಳು. ಸಂಜೆ ಬಂದು ನೋಡಿದರೆ ಕಲ್ಲು ತಿಳಿ ಬೂದು ಬಣ್ಣಕ್ಕೆ ತಿರುಗಿ, ಈಗ ತಾನೆ ತಮ್ಮ ಗೋದಾಮಿನಿಂದ ಇಳಿದಂತೆ ಕೂತಿತ್ತು. ಅವಳ ಬೆರಳ ತುದಿಗಳು ಸವೆದು ಕೆಂಪಾಗಿದ್ದವು. ಎಷ್ಟು ಕೊಳೆ ಇತ್ತು ನೋಡಿ ಎಂದು ಅವಳು ಹೆಮ್ಮೆಯಿಂದ ಹೇಳಿದಾಗ, ಮಾನ್ಯರೇ, ನನಗೆ ಅಳು ಬಂತು. ಕಲ್ಲಿಗಾಗಿ ಅರ್ಧ, ಆ ಬೆರಳುಗಳಿಗಾಗಿ ಅರ್ಧ. ಚೆನ್ನಾಗಿದೆ ಎಂದೆ. ಬೇರೇನು ಹೇಳಲಿ?

ಹೀಗಾಗಿ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ತಮ್ಮ ರಾಕೆಟ್ಟು ಮೇಲೆ ಹೋಗುವಾಗ ಹೇಗೂ ಖಾಲಿಯೇ ಹೋಗುವುದರಿಂದ, ನನ್ನ ಕಲ್ಲನ್ನೂ ಒಂದು ಮೂಲೆಯಲ್ಲಿ ಕೂರಿಸಿಕೊಂಡು ಹೋಗಿ, ಸಾಕಷ್ಟು ಎತ್ತರದಿಂದ ಕೆಳಕ್ಕೆ ಬಿಟ್ಟು, ಮತ್ತೊಮ್ಮೆ ಸುಟ್ಟು ಕಪ್ಪಾಗುವಂತೆ ಕೃಪೆ ಮಾಡಬೇಕು. ಸಾಧ್ಯವಾದರೆ ನಮ್ಮ ತಾರಸಿಯ ಮೇಲೇ ಬೀಳಲಿ. ಆದರೆ ನೀರು ಕಾಯಿಸುವ ಸೋಲಾರ್ ಇರುವ ಮೂಲೆ ಬೇಡ. ಅದಾಗದಿದ್ದರೆ ತಾವು ತರುವ ಪ್ರತಿ ಕಲ್ಲನ್ನೂ ಪೆಟ್ಟಿಗೆಯಲ್ಲಿಳಿಸದೆ, ಒಂದೊಂದನ್ನೂ ಒಬ್ಬೊಬ್ಬರ ಸೂರಿನ ಮೇಲೆ ಎಸೆದು, ಮನೆಯವರು ಬೆಚ್ಚಿ ಹೊರಗೆ ಓಡಿಬಂದದ್ದಕ್ಕೆ ಅಕ್ಕಪಕ್ಕದವರ ಸಾಕ್ಷಿಯನ್ನೂ ಒದಗಿಸಬೇಕು. ಆಗ ಪೈಪೋಟಿಯಾದರೂ ನ್ಯಾಯವಾಗಿರುತ್ತದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಕಪಾಟು ಅರ್ಧ ಖಾಲಿಯಾಗಿ, ಕಲ್ಲುಗಳು ತಮ್ಮ ಜಾಹೀರಾತಿನ ಪುಟದ ಮೇಲೆಯೇ ನೆಲದಲ್ಲಿ ಸಾಲಾಗಿ ಕೂತಿದ್ದವು. ಅಷ್ಟರಲ್ಲಿ ಅತ್ತೆಯವರು, ಹೇಳಿದ ದಿನಕ್ಕಿಂತ ಮೊದಲೇ, ಎರಡು ಚೀಲಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಕೋಣೆಗೆ ಬಂದವರೇ ಉಜ್ಜಿದ ಕಲ್ಲನ್ನು ಕೈಗೆತ್ತಿಕೊಂಡು ಇದೇನು ಎಂದು ಕೇಳಿದರು. ಆಕಾಶದಿಂದ ಬಿದ್ದದ್ದು ಎಂದೆ. ಯಾರು ತರಿಸಿದ್ದು ಎಂದರು. ಯಾರೂ ತರಿಸಲಿಲ್ಲ, ತಾನಾಗಿಯೇ ಬಂದದ್ದು ಎಂದೆ. ಮತ್ತೆ ನೆಲದ ಮೇಲೆ ಯಾಕಿವೆ ಎಂದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆ ನೋಡಿದಳು. ಮಂಚ ಹಾಕಲು ಜಾಗ ಬೇಕಲ್ಲ, ಅದಕ್ಕೇ ಇವನ್ನೆಲ್ಲ ಸಾಗಹಾಕುತ್ತಿದ್ದೇವೆ ಎಂದು ಕೊನೆಗೆ ಅವಳೇ ಹೇಳಿದಳು.

ಅತ್ತೆಯವರು ಕಲ್ಲನ್ನು ಕೆಳಗಿಡಲಿಲ್ಲ. ಮಗಳ ಕಡೆ ತಿರುಗಿ ಹೇಳಿದರು: "ಕರೆಯದೆ ಬಂದವರನ್ನ ಹೊರಗೆ ಹಾಕೋ ಮನೆಯಾದ್ರೆ ಈಗಲೇ ಹೇಳಿಬಿಡು. ನಾನು ಚೀಲ ಬಿಚ್ಚೋದಿಲ್ಲ."

ನನ್ನ ಹೆಂಡತಿ ನೆಲದ ಮೇಲೆ ಕುಕ್ಕರಿಸಿ ಕೂತು, ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕಲ್ಲುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡತೊಡಗಿದಳು. ಮಂಚ ಕಿಟಕಿಯ ಕೆಳಗೆ ಅಡ್ಡವಾಗಿ ಹಿಡಿಯಿತು. ಉಜ್ಜಿದ ಕಲ್ಲನ್ನು ಮಾತ್ರ ಅತ್ತೆಯವರು ವಾಪಸು ಕೊಟ್ಟಿಲ್ಲ.

ಆದ್ದರಿಂದ ಕಲ್ಲಿನ ಪ್ರಯಾಣದ ಕುರಿತ ಮೇಲಿನ ನನ್ನ ಕೋರಿಕೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಉಳಿದ ತಕರಾರುಗಳನ್ನು ಹಾಗೆಯೇ ಕಾಯಂ ಇಟ್ಟುಕೊಳ್ಳಬೇಕಾಗಿ ವಿನಂತಿ.

ಇಂತು, ಗೋಡೆ ಉಳಿಸಿಕೊಂಡ ಸಂತೋಷದಲ್ಲಿರುವ
ತಮ್ಮ ವಿಶ್ವಾಸಿ,
ಕಟ್ಟು ಹಾಕುವವನು

ತಾ.ಕ.: ನನ್ನ ಷಡ್ಕ ಜಾಹೀರಾತು ಓದಿದ ದಿನವೇ ತಮ್ಮ ಕಂಪನಿಯ ಷೇರು ಕೊಂಡಿದ್ದರಂತೆ. ಮೊನ್ನೆ ಬಂದವರು, ಯಾರಿಗೂ ಕೇಳದಂತೆ, ನನ್ನ ಕಪಾಟಿನದೊಂದು ಸಣ್ಣ ತುಂಡನ್ನಾದರೂ ಅವರಿಗೆ ಮಾರುತ್ತೇನೆಯೇ ಎಂದು ವಿಚಾರಿಸಿದರು. ತಮ್ಮ ರಾಕೆಟ್ಟು ಇನ್ನೂ ಶೆಡ್ಡಿನಲ್ಲೇ ಇದೆಯೆಂದು ಆಗ ಗೊತ್ತಾಯಿತು. ತಾವು ಅವಸರಪಡಬೇಡಿ, ಈಚೆ ಕಲ್ಲುಗಳು ತಮಗಾಗಿ ಕಾಯದೆ ಬರುತ್ತಲೇ ಇವೆ.