ಎರಡನೇ ಪದದ ಬಡವ

ಹೊಸದಾಗಿ ಬಂದ ಪಾದ್ರಿಗಳು ಭಾನುವಾರದ ಪ್ರಸಂಗದಲ್ಲಿ ಗ್ರೀಕ್ ಭಾಷೆಗೆ ಕೈ ಹಾಕದಿದ್ದರೆ ಟೇಪಣ್ಣನ ಮನೆ ಬುಧವಾರ ಬರಿದಾಗುತ್ತಿರಲಿಲ್ಲ.

ಟೇಪಣ್ಣ ಆ ಓಣಿಯ ದರ್ಜಿ. ಊಟಕ್ಕೆ ಕೂತಾಗಲೂ ಕೊರಳಲ್ಲಿ ಅಳತೆಯ ಟೇಪು ತೂಗುತ್ತಿದ್ದುದರಿಂದ ಆ ಹೆಸರು. ಎರಡು ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ಹೆಂಡತಿ ಲಾಂಡ್ರಿಗೆ ಇಸ್ತ್ರಿ ಕೆಲಸಕ್ಕೆ ಹೊರಡುವ ಮೊದಲು ಮೆಷಿನ್ನಿಗೆ ದಾರ ಹಾಕಿ, ಹನ್ನೆರಡು ಕೈಸೂಜಿಗೂ ದಾರ ಪೋಣಿಸಿ, ಸೂಜಿದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಆ ದಾರ ಮುಗಿದರೆ ಅವನ ದಿನವೂ ಮುಗಿಯಿತು. ಹೀಗೇ ಬಿಟ್ಟರೆ ಬರುವ ವರ್ಷಕ್ಕೆ ಪೂರ್ತಿ ಕತ್ತಲೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಚರ್ಚಿನವರು ವರ್ಷಕ್ಕೊಬ್ಬ ಬಡವನಿಗೆ ಪುಕ್ಕಟೆ ಕಣ್ಣಿನ ಆಪರೇಷನ್ ಮಾಡಿಸುತ್ತಿದ್ದರು. ಟೇಪಣ್ಣ ಅರ್ಜಿ ಹಾಕಿ ಕಾಯುತ್ತಿದ್ದ.

ಪಾದ್ರಿಗಳು ಹೇಳಿದ್ದು ಇಷ್ಟೇ: ಗ್ರೀಕಿನಲ್ಲಿ ಬಡವನಿಗೆ ಎರಡು ಪದ. ಒಂದು ಪೆನೆಸ್, ದಿನವಿಡೀ ದುಡಿದು ಅಂದಂದಿನದನ್ನು ಅಂದೇ ಉಣ್ಣುವವನು. ಇನ್ನೊಂದು ಪ್ಟೋಖೋಸ್, ಏನೆಂದರೆ ಏನೂ ಇಲ್ಲದೆ ಮುದುರಿ ಕೂತವನು. ಪ್ರಭು ಧನ್ಯರೆಂದು ಕರೆದದ್ದು ಈ ಎರಡನೆಯವರನ್ನು, ಪರಲೋಕ ಇವರದು.

ಮುಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಎದುರುಮನೆ ಅಕ್ಕ ಬುಧವಾರ ಬೆಳಿಗ್ಗೆಯೇ ಓಡಿಬಂದಳು.

"ಟೇಪಣ್ಣ, ನೀನು ಕೆಟ್ಟೆ! ಸಂಜೆ ನಾಲ್ಕಕ್ಕೆ ಪಾದ್ರಿಗಳು ಮನೆ ನೋಡೋಕೆ ಬರ್ತಾರಂತೆ. ಈ ಮೆಷಿನ್ನು ನೋಡಿದ್ರೆ ಏನಂತಾರೆ?"

"ಅದಿಲ್ದಿದ್ರೆ ಹೊಟ್ಟೆಗೇನು ಮಾಡ್ಲಿ ಅಕ್ಕಾ?"

"ಅಲ್ಲೇ ಇರೋದು ತೊಂದ್ರೆ! ಮೆಷಿನ್ನಿದ್ರೆ ನೀನು ಮೊದಲನೇ ಪದ. ಆಪರೇಷನ್ನು ಎರಡನೇ ಪದಕ್ಕೆ."

ಟೇಪಣ್ಣ ಮೆಷಿನ್ನಿನ ಮೇಲೆ ಕೈಯಿಟ್ಟು ನಿಂತ. ಅಕ್ಕ ಆಗಲೇ ಪಕ್ಕದ ಮನೆಯ ಪೋಸ್ಟ್ ಮಾವನನ್ನು ಕೂಗಿದ್ದಳು. ನಲವತ್ತು ವರ್ಷ ಪತ್ರ ಹಂಚಿ ನಿವೃತ್ತನಾದ ಮಾವ ಈಚೆಗೆ ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದ. ಕೇಳಿದರೆ, ನನ್ನ ಕಣ್ಣಿಗೇನಾಗಿದೆ ಎಂದು ರೇಗುತ್ತಿದ್ದ. ಇಬ್ಬರೂ ಸೇರಿ ಮೆಷಿನ್ನನ್ನು ಮಾವನ ಮನೆಗೆ ಸಾಗಿಸಿದರು.

"ಯಾರು ಕೇಳಿದ್ರೂ ನಿಮ್ಮದೇ ಅನ್ನಿ ಮಾವ. ನನ್ನ ಹೆಸರು ಎತ್ತಬೇಡಿ," ಎಂದು ಟೇಪಣ್ಣ ಕೈ ಹಿಡಿದುಕೊಂಡ.

"ಪ್ರಾಣ ಹೋದ್ರೂ ಎತ್ತಲ್ಲ ಕಣೋ."

ಅಕ್ಕನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಗೋಡೆ ಗಡಿಯಾರ ಹೋಯಿತು, ಮಂಚ ಹೋಯಿತು, ಸ್ಟೂಲು ಹೋಯಿತು. ಸೂಜಿದಿಂಬೂ ಹೋಯಿತು. ಪಾತ್ರೆಪಗಡವನ್ನೆಲ್ಲ ಅವಳು ಸೆರಗಿನಲ್ಲಿ ಕಟ್ಟಿಕೊಂಡು ತನ್ನ ಮನೆಗೆ ಒಯ್ದಳು, ನೀರು ಕುಡಿಯುವ ಲೋಟವನ್ನೂ ಬಿಡಲಿಲ್ಲ. ಕೊನೆಗೆ ಅವನ ಅಂಗಿಯನ್ನು ನೋಡಿ ಮುಖ ಗಂಟಿಕ್ಕಿದಳು. ತಾನೇ ಹೊಲಿದುಕೊಂಡ ಅಂಗಿಯ ತೋಳನ್ನು ಟೇಪಣ್ಣ ತಾನೇ ಹರಿದ. ಆಗ ಮಾತ್ರ ಅವನಿಗೆ ನಿಜವಾಗಿ ಅಳು ಬಂತು.

"ಇನ್ನು ಮೂಲೇಲಿ ಮುದುರಿ ಕೂತ್ಕೋ. ಇನ್ನೂ ಸ್ವಲ್ಪ. ಹಾಂ, ಈಗ ಗ್ರೀಕಾಯ್ತು," ಎಂದು ಅಕ್ಕ ಮೆಚ್ಚಿ ಹೊರಟಳು.

ನಾಲ್ಕಕ್ಕೆ ಪಾದ್ರಿಗಳು ಬಂದರು, ಜೊತೆಗೆ ಆಸ್ಪತ್ರೆಯ ನರ್ಸಮ್ಮ. ಬರಿ ಗೋಡೆ, ಬರಿ ನೆಲ, ಮೂಲೆಯಲ್ಲಿ ಒಬ್ಬ ಮನುಷ್ಯ. ಪಾದ್ರಿಗಳು ಬಾಗಿಲಲ್ಲೇ ಚಪ್ಪಲಿ ಕಳಚಿದರು.

ನರ್ಸಮ್ಮನ ಕಣ್ಣು ಮಾತ್ರ ಅವನ ಕೊರಳಿಗೆ ಹೋಯಿತು. "ಟೈಲರಿಂಗ್ ಮಾಡ್ತೀರಾ?"

ಟೇಪನ್ನು ತೆಗೆಯುವುದು ಯಾರಿಗೂ ಹೊಳೆದಿರಲಿಲ್ಲ. "ಇಲ್ಲಮ್ಮ."

"ಹೊಲಿಯೋಕೆ ಬರುತ್ತಾ?"

"ಬರಲ್ಲಮ್ಮ."

"ಮತ್ತೆ ಈ ಟೇಪು?"

"ಚಳಿಗೆ ಹಾಕ್ಕೊಂಡಿದೀನಿ."

"ಕಣ್ಣು ಸರಿಹೋದ್ರೆ ಏನು ಕೆಲಸ ಮಾಡ್ತೀರಾ?"

ಟೇಪಣ್ಣ ಎರಡನೇ ಪದವನ್ನು ನೆನೆದು ಇನ್ನಷ್ಟು ಮುದುರಿದ. "ಏನೂ ಇಲ್ಲಮ್ಮ. ಹೀಗೇ ಕೂತಿರ್ತೀನಿ."

ಪಾದ್ರಿಗಳು ಅವನ ತಲೆಯ ಮೇಲೆ ಕೈಯಿಟ್ಟರು. "ಇಪ್ಪತ್ತು ವರ್ಷ ಪುಸ್ತಕದಲ್ಲಿ ಓದಿದ್ದನ್ನ ಇವತ್ತು ಕಣ್ಣಾರೆ ಕಂಡೆ. ಒಂದು ಲೋಟ ನೀರು ಸಿಗುತ್ತಾ?"

ಲೋಟ ಇರಲಿಲ್ಲ. "ಪರವಾಗಿಲ್ಲ, ಪಕ್ಕದ ಮನೇಲಿ ಕೇಳ್ತೀವಿ," ಎಂದು ಇಬ್ಬರೂ ಎದ್ದರು.

ಮಧ್ಯದ ಗೋಡೆ ತೆಳು. ಅಲ್ಲಿ ಆಡಿದ ಒಂದೊಂದು ಮಾತೂ ಇಲ್ಲಿಗೆ ಕೇಳಿಸಿತು.

"ಈ ಮೆಷಿನ್ನು ಯಾರದು?" ಪಾದ್ರಿಗಳ ದನಿ.

"ನಂದೇ ಫಾದರ್," ಎಂದ ಮಾವ, ಕೊಟ್ಟ ಮಾತಿಗೆ ತಪ್ಪದೆ.

"ಈ ವಯಸ್ಸಲ್ಲೂ ಹೊಲೀತೀರಾ?"

"ಹೊಟ್ಟೆಪಾಡು ಫಾದರ್." ಗರಗರ ಎಂದು ಚಕ್ರ ತಿರುಗಿಸಿದ ಸದ್ದೂ ಬಂತು.

"ಫಾದರ್, ಇವರ ಕಣ್ಣು ನೋಡಿ, ಹಾಲಿನ ಥರ ಆಗಿದೆ," ಎಂದಳು ನರ್ಸಮ್ಮ. "ಕಣ್ಣು ಬಂದ್ರೆ ದುಡಿದು ತಿನ್ನೋ ಜೀವ."

ಪಾದ್ರಿಗಳು ನಿಧಾನವಾಗಿ ಹೇಳಿದರು: "ಪಕ್ಕದವನಿಗೆ ಪರಲೋಕವನ್ನೇ ಕೊಡ್ತೀನಿ ಅಂತ ಪ್ರಭು ಮಾತು ಕೊಟ್ಟಿದಾನೆ. ದುಡಿಯೋ ಬಡವನಿಗೆ ಯಾರೇನು ಕೊಟ್ಟಿದಾರೆ, ಪಾಪ? ನಾವೇ ನೋಡ್ಬೇಕು. ಆಪರೇಷನ್ ಚೀಟಿ ಇವರ ಹೆಸರಿಗೇ ಬರೀರಿ."

ಮೆಷಿನ್ನು ನನ್ನದು ಎಂದು ಕೂಗಬೇಕೆಂದುಕೊಂಡ ಟೇಪಣ್ಣ. ಹೊಲಿಯೋಕೇ ಬರಲ್ಲ ಎಂದು ಈಗಷ್ಟೇ ಹೇಳಿದ ಬಾಯಿ ಅದು. ಎದ್ದು ಓಡೋಣವೆಂದರೆ ಮುದುರಿದ ಮಂಡಿ ಬಿಡಿಸಿಕೊಳ್ಳಲಿಲ್ಲ.

ಅವರು ಹೋದಮೇಲೆ ಪೋಸ್ಟ್ ಮಾವ ಚೀಟಿ ಹಿಡಿದು ಬಾಗಿಲಲ್ಲಿ ನಿಂತ. "ನೀನೇ ಅಲ್ವೇನೋ ಹಾಗನ್ನಿ ಅಂದಿದ್ದು? ಈಗ ನಿಜ ಹೇಳಿದ್ರೆ ಇಬ್ಬರೂ ಸುಳ್ಳರಾಗ್ತೀವಿ." ಆಮೇಲೆ ನೆಲ ನೋಡುತ್ತಾ ಸೇರಿಸಿದ: "ನರ್ಸಮ್ಮ ತಿಂಗಳಿಗೊಂದ್ಸಲ ನನ್ನ ಕೆಲಸ ನೋಡೋಕೆ ಬರ್ತಾಳಂತೆ. ಮೆಷಿನ್ನು ನಮ್ಮನೇಲೇ ಇರ್ಬೇಕಾಗುತ್ತೆ ಕಣೋ. ನಿನಗೆ ಕಣ್ಣು ಕಾಣೋವಷ್ಟು ದಿನ ಬಂದು ಹೊಲ್ಕೊಂಡು ಹೋಗು, ಬೇಡ ಅನ್ನಲ್ಲ."

ಸಂಜೆ ಹೆಂಡತಿ ಬಂದು ಖಾಲಿ ಮನೆಯಲ್ಲಿ ಒಂದು ಸುತ್ತು ಹಾಕಿದಳು. ಟೇಪಣ್ಣ ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅವನ ಎದುರಿಗೆ ನೆಲದ ಮೇಲೆ ಕೂತು ಹರಿದ ತೋಳನ್ನು ಮುಟ್ಟಿ ನೋಡಿದಳು.

"ರೀ, ಆ ಗ್ರೀಕಿನಲ್ಲಿ ಬಡವರಿಗೆ ಎರಡು ಪದ ಇದೆ ಅಂದ್ರಲ್ಲ. ಪೆದ್ದರಿಗೆ ಎಷ್ಟಿದ್ಯಂತೆ?"

ಅವಳು ಅಂಗಿಯನ್ನು ಬಿಚ್ಚಿಸಿಕೊಂಡು, ರೂಢಿಯಂತೆ ಸೂಜಿದಿಂಬಿಗಾಗಿ ಪಕ್ಕಕ್ಕೆ ಕೈ ಚಾಚಿದಳು. ಅದೂ ಮಾವನ ಮನೆಯಲ್ಲಿತ್ತು.